ರಾಮನ್ ಹೊಸ ಬೆಳಕು ಕಂಡ ತಿಂಗಳು ಲೋಕದಲ್ಲಿ ಏನು ನಡೆಯುತ್ತಿತ್ತು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಫೆಬ್ರವರಿ 28ರಂದು ವಿಜ್ಞಾನ ದಿನ ಆಚರಿಸಿ, 1928ರ ಅದೇ ದಿನ ಸಿ.ವಿ. ರಾಮನ್ ಅವರು ಕಲ್ಕತ್ತದಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು ಎಂದು ಮಕ್ಕಳಿಗೆ ಹೇಳುತ್ತೇವೆ. ಈ ಸಲ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಆ ತಿಂಗಳು ಬೇರೆ ಕಡೆ ಏನೇನು ನಡೆಯುತ್ತಿತ್ತು ಸರ್? ರಾಮನ್ ಅವರು ಬೆಳಗ್ಗೆ ಪತ್ರಿಕೆ ತೆರೆದರೆ ಏನು ಓದುತ್ತಿದ್ದರು?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೂ ಆ ಸಂಶೋಧನೆಗೂ ಆಗಲೇ ಏನಾದರೂ ಸಂಬಂಧ ಇತ್ತೇ ಎನ್ನುವುದನ್ನೂ ತಿಳಿಸಿ.

ಉತ್ತರ: ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಇತಿಹಾಸದ ಪಾಠವನ್ನು ನಾವು ವಿಷಯವಾರು ಕತ್ತರಿಸಿ ಇಟ್ಟಿದ್ದೇವೆ. ರಾಮನ್ ವಿಜ್ಞಾನದ ಪುಸ್ತಕದಲ್ಲಿ, ಸೈಮನ್ ಆಯೋಗ ಸಮಾಜ ವಿಜ್ಞಾನದ ಪುಸ್ತಕದಲ್ಲಿ, ಸ್ಟಾಲಿನ್ ಇನ್ನೊಂದು ಅಧ್ಯಾಯದಲ್ಲಿ. ಇವರೆಲ್ಲರೂ ಒಂದೇ ತಿಂಗಳಿನ ಸುದ್ದಿಯಲ್ಲಿದ್ದರು ಎಂಬುದು ಪರೀಕ್ಷೆ ಮುಗಿಸಿದ ಎಷ್ಟೋ ಮಂದಿಗೆ ಗೊತ್ತೇ ಇರುವುದಿಲ್ಲ.

1928 ಅಧಿಕ ವರ್ಷ. ಆ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ, ಒಂದನೆಯ ತಾರೀಕು ಬುಧವಾರ. ಮೊದಲ ಮಹಾಯುದ್ಧ ಮುಗಿದು ಹತ್ತನೆಯ ವರ್ಷ ನಡೆಯುತ್ತಿತ್ತು. ಅಮೆರಿಕದ ಷೇರುಪೇಟೆಯ ಕುಸಿತಕ್ಕೆ ಇನ್ನೂ ಇಪ್ಪತ್ತು ತಿಂಗಳು ಬಾಕಿ. ಜಗತ್ತು ತಕ್ಕಮಟ್ಟಿಗೆ ಸುಧಾರಿಸಿಕೊಂಡಿದೆ ಎಂದು ಯುರೋಪಿನ ಸಭ್ಯ ಜನ ನಂಬಿದ್ದ ಕಾಲ ಅದು.

ಭಾರತದ ಮಟ್ಟಿಗೆ ಆ ತಿಂಗಳ ಮೊದಲ ದೊಡ್ಡ ಸುದ್ದಿ ಮೂರನೆಯ ತಾರೀಕು, ಶುಕ್ರವಾರದ್ದು. ಸರ್ ಜಾನ್ ಸೈಮನ್ ನೇತೃತ್ವದ ಏಳು ಮಂದಿಯ ಆಯೋಗ ಅಂದು ಮುಂಬಯಿ ಬಂದರಿನಲ್ಲಿ ಇಳಿಯಿತು. ಭಾರತಕ್ಕೆ ಮುಂದೆ ಎಂಥ ಆಡಳಿತ ಕೊಡಬೇಕು ಎಂದು ಪರಿಶೀಲಿಸುವುದು ಅದರ ಕೆಲಸ. ಏಳು ಮಂದಿಯೂ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರು, ಒಬ್ಬ ಭಾರತೀಯನೂ ಇರಲಿಲ್ಲ. ಮನೆಯ ಪಾಲು ಮಾಡಲು ಮನೆಯವರನ್ನು ಹೊರಗೆ ನಿಲ್ಲಿಸಿ ಪಂಚಾಯಿತಿ ಕೂಡಿಸಿದ ಹಾಗೆ. ದೇಶದಾದ್ಯಂತ ಹರತಾಳ ನಡೆಯಿತು. ಕಪ್ಪು ಬಾವುಟಗಳು ಹಾರಿದವು. "ಸೈಮನ್, ಹಿಂದಿರುಗು" ಎಂಬ ಘೋಷಣೆಯನ್ನು ಕಟ್ಟಿಕೊಟ್ಟವರು ಮುಂಬಯಿಯ ಯುವಕ ಯೂಸುಫ್ ಮೆಹೆರ್ ಅಲಿ ಎಂದು ಹೇಳುತ್ತಾರೆ. ಮದ್ರಾಸಿನಲ್ಲಿ ಪೊಲೀಸರು ಗುಂಡು ಹಾರಿಸಿ ಸಾವು ಸಂಭವಿಸಿತು. ಅಲ್ಲಿ ಬಂದೂಕಿನ ಮುಂದೆ ಎದೆ ತೆರೆದು ನಿಂತ ಟಂಗುಟೂರಿ ಪ್ರಕಾಶಂ ಅವರ ಚಿತ್ರ ಇಂದಿಗೂ ಆಂಧ್ರದ ಜನಮನದಲ್ಲಿ ಉಳಿದಿದೆ. ರಾಮನ್ ಅವರಿದ್ದ ಕಲ್ಕತ್ತದಲ್ಲಿ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಹಾಗಾಗಿ ನಿಮ್ಮ ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆಗೆ ಮೊದಲ ಉತ್ತರ ಇದು: ಆ ವಾರ ಅವರು ಪತ್ರಿಕೆ ತೆರೆದಿದ್ದರೆ ಓದಬೇಕಾಗಿದ್ದುದು ತಮ್ಮ ನಗರದ ಕಾಲೇಜು ಬೀದಿಗಳ ಗಲಭೆಯನ್ನು.

ಎಲ್ಲರೂ ಒಂದೇ ದನಿಯಲ್ಲಿ ಬಹಿಷ್ಕರಿಸಿದರು ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿ. ಕಾಂಗ್ರೆಸ್ ಬಹಿಷ್ಕರಿಸಿತು, ಜಿನ್ನಾ ಅವರೂ ಬಹಿಷ್ಕಾರದ ಪರವಾಗಿದ್ದರು. ಮುಸ್ಲಿಂ ಲೀಗಿನ ಇನ್ನೊಂದು ಬಣ ಸಹಕರಿಸಿತು. ಅಸ್ಪೃಶ್ಯರಿಗೆ ರಾಜಕೀಯ ರಕ್ಷಣೆ ಬೇಕೆಂದು ವಾದಿಸುತ್ತಿದ್ದ ಡಾ. ಅಂಬೇಡ್ಕರ್ ಅವರು ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯೋಗದ ಮುಂದೆ ಹಾಜರಾಗಿ ತಮ್ಮ ಜನರ ಪರ ಸಾಕ್ಷ್ಯ ನುಡಿದರು. ಅವರವರ ಕಾರಣ ಅವರವರಿಗೆ ಗಟ್ಟಿಯಾಗಿಯೇ ಇತ್ತು. ಫೆಬ್ರವರಿ 18ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಲಾಲಾ ಲಜಪತ ರಾಯ್ ಅವರು ಆಯೋಗದ ಮೇಲೆ ತಂದ ಅವಿಶ್ವಾಸದ ನಿರ್ಣಯ 68ಕ್ಕೆ 62 ಮತಗಳಿಂದ ಗೆದ್ದಿತು. ಅಂತರ ಆರೇ ಮತ. ಆ ಆರು ಮತಗಳ ಸುದ್ದಿ ಲಂಡನ್ನಿನವರೆಗೂ ಕೇಳಿಸಿತು. ಅದೇ ಲಜಪತ ರಾಯ್ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಇದೇ ಆಯೋಗದ ವಿರುದ್ಧದ ಮೆರವಣಿಗೆಯಲ್ಲಿ ಲಾಠಿಯೇಟು ತಿಂದು, ನವೆಂಬರ್ 17ರಂದು ತೀರಿಕೊಂಡರು. ಆಯೋಗದ ಏಳು ಮಂದಿಯಲ್ಲಿ ಆಗ ಅಷ್ಟೇನೂ ಪ್ರಸಿದ್ಧನಲ್ಲದ ಒಬ್ಬ ಸದಸ್ಯನಿದ್ದ. ಹೆಸರು ಕ್ಲೆಮೆಂಟ್ ಆಟ್ಲಿ. 1947ರಲ್ಲಿ ಭಾರತದಿಂದ ಬ್ರಿಟಿಷರು ಹೊರಟಾಗ ಬ್ರಿಟನ್ನಿನ ಪ್ರಧಾನಿ ಆತನೇ.

ನಮ್ಮ ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಸೈಮನ್ ಆಯೋಗ ನೇರವಾಗಿ ಸಂಬಂಧಿಸಿರಲಿಲ್ಲ. ಸಂಸ್ಥಾನಗಳ ಸ್ಥಾನಮಾನ ವಿಚಾರಿಸಲು ಹಾರ್ಕೋರ್ಟ್ ಬಟ್ಲರ್ ಅಧ್ಯಕ್ಷತೆಯ ಬೇರೆಯೇ ಸಮಿತಿ ಇತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರು ಮುಂಬಯಿ ಪ್ರಾಂತದ ಪ್ರಜೆಗಳಾದ್ದರಿಂದ ಅವರಿಗೆ ಇದು ಮನೆಬಾಗಿಲಿನ ವಿಷಯ. ಅದೇ ಪ್ರಾಂತದ ಇನ್ನೊಂದು ಮೂಲೆಯಲ್ಲಿ ಹುಟ್ಟಿದ ಸುದ್ದಿ ನನಗೆ ಆ ತಿಂಗಳಲ್ಲೇ ಅತ್ಯಂತ ಪ್ರಿಯವಾದದ್ದು.

ಸೂರತ್ ಜಿಲ್ಲೆಯ ಬಾರ್ಡೋಲಿ ತಾಲ್ಲೂಕಿನಲ್ಲಿ ಸರ್ಕಾರ ಭೂಕಂದಾಯವನ್ನು ಹೆಚ್ಚಿಸಿತ್ತು. ಕಂದಾಯ ಅಧಿಕಾರಿ ಮೊದಲು ಶಿಫಾರಸು ಮಾಡಿದ್ದು ಶೇ. 30ರ ಏರಿಕೆ. ಗದ್ದಲವಾದ ಮೇಲೆ ಅದನ್ನು ಶೇ. 22ರ ಆಸುಪಾಸಿಗೆ ಇಳಿಸಿದರು. ರೈತರ ಮಾತು ಸರಳವಾಗಿತ್ತು: ಅಷ್ಟು ಕೊಡುವ ಶಕ್ತಿ ನೆಲಕ್ಕಿಲ್ಲ, ಲೆಕ್ಕ ತಪ್ಪಿದೆ, ನಿಷ್ಪಕ್ಷಪಾತಿಗಳಿಂದ ಮತ್ತೆ ಲೆಕ್ಕ ಹಾಕಿಸಿ. ಅವರು ವಲ್ಲಭಭಾಯಿ ಪಟೇಲರನ್ನು ಕರೆದರು. ಪಟೇಲರು ಬಂದೊಡನೆ ಹೋರಾಟ ಘೋಷಿಸಲಿಲ್ಲ. ಜಮೀನು ಹೋಗಬಹುದು, ದನ ಹೋಗಬಹುದು, ಚೆನ್ನಾಗಿ ಯೋಚಿಸಿ ಎಂದು ರೈತರಿಗೆ ಒಂದು ವಾರದ ಗಡುವು ಕೊಟ್ಟು, ಸರ್ಕಾರಕ್ಕೊಂದು ಪತ್ರ ಬರೆದರು. ಫೆಬ್ರವರಿ 12, ಭಾನುವಾರ, ರೈತರು ಮತ್ತೆ ಸೇರಿ ಕಂದಾಯ ಕಟ್ಟುವುದಿಲ್ಲ ಎಂದು ನಿರ್ಣಯಿಸಿದರು. ಆ ಸಭೆಯಲ್ಲಿ ಕುರಾನಿನ ವಚನ ಪಠಿಸಿದರು, ಕಬೀರರ ಭಜನೆ ಹಾಡಿದರು.

ಮುಂದಿನ ತಿಂಗಳುಗಳಲ್ಲಿ ಅಲ್ಲಿ ನಡೆದದ್ದನ್ನು ಮಕ್ಕಳಿಗೆ ಚಿತ್ರದಂತೆ ಹೇಳಬಹುದು. ಜಫ್ತಿ ಅಧಿಕಾರಿಗಳು ಊರಿನತ್ತ ಬರುತ್ತಿರುವುದು ಕಂಡರೆ ಡೋಲು, ಶಂಖದ ಸದ್ದು. ಕ್ಷಣದಲ್ಲಿ ಬೀದಿ ಖಾಲಿ, ಎಲ್ಲ ಮನೆಗಳಿಗೂ ಬೀಗ. ಜಫ್ತಿಯಾಗಬಾರದೆಂದು ಎಮ್ಮೆಗಳನ್ನು ಮನೆಯೊಳಗೇ ಕಟ್ಟಿಕೊಂಡು, ಮನುಷ್ಯರೂ ಎಮ್ಮೆಗಳೂ ಹಗಲಿಡೀ ಒಂದೇ ಸೂರಿನಡಿ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದರು. ಗುಜರಾತಿನ ಏಪ್ರಿಲ್, ಮೇ ತಿಂಗಳ ಸೆಕೆ ಬಲ್ಲವರಿಗೆ ಆ ಕತ್ತಲ ಕೋಣೆ ಹೇಗಿತ್ತೆಂದು ವಿವರಿಸಬೇಕಾಗಿಲ್ಲ. ಆಗಸ್ಟಿನಲ್ಲಿ ರಾಜಿಯಾಯಿತು. ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬ ಇಬ್ಬರು ಅಧಿಕಾರಿಗಳು ಹಳ್ಳಿ ಹಳ್ಳಿ ಸುತ್ತಿ ವಿಚಾರಣೆ ಮಾಡಿ, ಏರಿಕೆ ಸುಮಾರು ಶೇ. 6 ಇದ್ದರೆ ಸಾಕು ಎಂದರು. ರೈತರ ಲೆಕ್ಕವೇ ನಿಜಕ್ಕೆ ಹತ್ತಿರವಾಗಿತ್ತು. ಪಟೇಲರು ಸರ್ದಾರರಾದದ್ದು ಈ ಹೋರಾಟದಿಂದ. ಎರಡು ವರ್ಷಗಳ ಬಳಿಕ ನಮ್ಮ ಅಂಕೋಲೆಯ ರೈತರು ಕರನಿರಾಕರಣೆಗೆ ಇಳಿದು ಮನೆಮಠ ಕಳೆದುಕೊಂಡಾಗ, ಆ ಊರಿಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂತು.

ಇನ್ನು ಇದಕ್ಕೆ ಜೋಡಿಯಾಗಿ ಸೈಬೀರಿಯವನ್ನು ಇಟ್ಟು ನೋಡಬೇಕು. ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ನನಗೆ ಆ ಫೆಬ್ರವರಿ ಪೂರ್ತಿ ಅರ್ಥವಾದದ್ದು.

ಜನವರಿ 15ರಂದು ಮಾಸ್ಕೋದಿಂದ ರೈಲು ಹತ್ತಿದ ಸೋವಿಯತ್ ಒಕ್ಕೂಟದ ನಾಯಕ ಸ್ಟಾಲಿನ್, ಸೈಬೀರಿಯ ಸುತ್ತಿ ಫೆಬ್ರವರಿ 6ರಂದು ಹಿಂತಿರುಗಿದ. ಹಳ್ಳಿಗಾಡಿಗೆ ಹೋಗುವ ಅಭ್ಯಾಸವೇ ಇಲ್ಲದ ಮನುಷ್ಯ ಆತ. ಹೋದದ್ದು ಧಾನ್ಯಕ್ಕಾಗಿ. ಹಿಂದಿನ ವರ್ಷದ ಜನವರಿ ಹೊತ್ತಿಗೆ ಸರ್ಕಾರಕ್ಕೆ 42.8 ಕೋಟಿ ಪೂಡ್ ಧಾನ್ಯ ಬಂದಿತ್ತು, ಈ ವರ್ಷ 30 ಕೋಟಿಯೂ ಬರುವುದು ಕಷ್ಟವಾಗಿದೆ ಎಂದು ಆತನೇ ಹೇಳಿದ. ಒಂದು ಪೂಡ್ ಎಂದರೆ ನಮ್ಮ ಹದಿನಾರು ಕಿಲೋಗಿಂತ ಸ್ವಲ್ಪ ಹೆಚ್ಚು. ರೈತರು ಧಾನ್ಯ ಮಾರದೆ ಇಟ್ಟುಕೊಂಡದ್ದಕ್ಕೆ ಕಾರಣ ಯಾವ ಒಕ್ಕಲಿಗನಿಗೂ ಅರ್ಥವಾಗುವಂಥದ್ದು. ಸರ್ಕಾರ ಕೊಡುವ ಬೆಲೆ ಕಡಿಮೆ, ಆ ಹಣದಲ್ಲಿ ಕೊಳ್ಳೋಣವೆಂದರೆ ಅಂಗಡಿಯಲ್ಲಿ ಬಟ್ಟೆಯಿಲ್ಲ, ಮೊಳೆಯಿಲ್ಲ. ಸ್ಟಾಲಿನ್ ಇದನ್ನು ಕುಲಕರ, ಅಂದರೆ ಸ್ಥಿತಿವಂತ ರೈತರ ಸಂಚು ಎಂದು ಕರೆದ. ದಂಡಸಂಹಿತೆಯ 107ನೆಯ ವಿಧಿಯ ಪ್ರಕಾರ ಇವರನ್ನು ಕಾಳಸಂತೆಕೋರರೆಂದು ಕೋರ್ಟಿಗೆಳೆಯಿರಿ, ಧಾನ್ಯ ಜಫ್ತಿ ಮಾಡಿ ಎಂದು ಸ್ಥಳೀಯ ಪಕ್ಷದವರಿಗೆ ತಾಕೀತು ಮಾಡಿದ. ವಶಪಡಿಸಿಕೊಂಡ ಧಾನ್ಯದ ಕಾಲುಭಾಗ ಬಡ ರೈತರಿಗೆ ಸಾಲವಾಗಿ ಸಿಗುತ್ತದೆ ಎಂಬ ಆಮಿಷವೂ ಇತ್ತು. ಅಕ್ಕಪಕ್ಕದ ಮನೆಯವರು ಒಬ್ಬರ ಕಣಜವನ್ನು ಇನ್ನೊಬ್ಬರು ತೋರಿಸಿಕೊಡಲಿ ಎಂಬುದು ಅದರ ಉದ್ದೇಶ. ಮುಂದಿನ ವರ್ಷದ ಕೊನೆಗೆ ಬಲವಂತದ ಸಾಮೂಹಿಕ ಬೇಸಾಯ ಶುರುವಾಯಿತು. 1932–33ರ ಕ್ಷಾಮದಲ್ಲಿ ಉಕ್ರೇನ್, ಕಜಕಸ್ತಾನ ಮತ್ತಿತರ ಕಡೆಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ದಾರಿಯ ಮೊದಲ ಹೆಜ್ಜೆಗಳಲ್ಲಿ ಈ ಪ್ರವಾಸ ಒಂದು.

ಒಂದೇ ತಿಂಗಳು, ಎರಡು ಸರ್ಕಾರಗಳು ರೈತನ ಬಾಗಿಲಿಗೆ ಹೋದವು. ಒಂದು ಹಣಕ್ಕೆ, ಇನ್ನೊಂದು ಕಾಳಿಗೆ. ಬಾರ್ಡೋಲಿಯ ರೈತನಿಗೆ ಪತ್ರಿಕೆಗಳಿದ್ದವು, ಸಭೆ ಸೇರುವ ಅವಕಾಶ ಇತ್ತು, ಶಾಸನಸಭೆಯಲ್ಲಿ ಅವನ ಪರ ಎದ್ದು ನಿಲ್ಲುವವರಿದ್ದರು, ನೆರೆಯವನು ಬಾಯಿ ಬಿಡಲಿಲ್ಲ. ಸೈಬೀರಿಯದ ರೈತನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಬ್ರಿಟಿಷ್ ಆಡಳಿತ ಮೃದುವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮದ್ರಾಸಿನ ಗುಂಡು, ಲಾಹೋರಿನ ಲಾಠಿ ಅದೇ ವರ್ಷದವು. ರೈತನ ಗತಿಯನ್ನು ತೀರ್ಮಾನಿಸಿದ್ದರಲ್ಲಿ ನೆರೆಯವನ ಬಾಯಿಗೂ ದೊಡ್ಡ ಪಾಲಿತ್ತು ಎಂಬುದಷ್ಟೇ ನನ್ನ ಮಾತು. ಸಾಧ್ಯವಾದರೆ ನಿಮ್ಮ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರೊಂದಿಗೆ ಕೂತು ಈ ಎರಡನ್ನೂ ಒಂದೇ ಪಾಠವಾಗಿ ಮಾಡಿ.

ಬೇರೆ ಕಡೆಯ ಸುದ್ದಿಗಳನ್ನು ಬೇಗ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಫೆಬ್ರವರಿ 20ರಂದು, ಇಪ್ಪತ್ತೈದು ವರ್ಷ ತುಂಬಿದ ಗಂಡಸರೆಲ್ಲರಿಗೂ ಮತದಾನದ ಹಕ್ಕು ಸಿಕ್ಕ ನಂತರದ ಮೊದಲ ಮಹಾಚುನಾವಣೆ ನಡೆಯಿತು. 466 ಸ್ಥಾನಗಳಲ್ಲಿ ಎರಡು ದೊಡ್ಡ ಪಕ್ಷಗಳಿಗೆ ಬಂದದ್ದು 217 ಮತ್ತು 216. ಕಾರ್ಮಿಕ, ರೈತ ಪಕ್ಷಗಳೂ ಎಂಟು ಸ್ಥಾನ ಗೆದ್ದವು. ಇದನ್ನು ಸರ್ಕಾರ ಸಹಿಸಲಿಲ್ಲ, ಮಾರ್ಚ್ 15ರಂದು ಎಡಪಂಥೀಯರನ್ನು ದೇಶದಾದ್ಯಂತ ಹಿಡಿದು ಜೈಲಿಗಟ್ಟಿತು. ಕ್ಯೂಬಾದ ಹವಾನಾದಲ್ಲಿ ಅಮೆರಿಕ ಖಂಡದ ದೇಶಗಳ ಸಮ್ಮೇಳನ ನಡೆಯುತ್ತಿತ್ತು. ನಿಕರಾಗುವದ ಕಾಡುಗಳಲ್ಲಿ ಸಾಂಡಿನೋ ಎಂಬ ದಳಪತಿ ಅಮೆರಿಕದ ಸೈನಿಕರೊಡನೆ ಕಾದಾಡುತ್ತಿದ್ದಾಗಲೇ, ಒಂದು ದೇಶದ ಒಳಗೆ ಇನ್ನೊಂದು ಕೈಹಾಕಬಾರದೆಂಬ ನಿರ್ಣಯ ಹವಾನಾದಲ್ಲಿ ಚರ್ಚೆಗೆ ಬಂದು, ಅಮೆರಿಕದ ವಿರೋಧದಿಂದ ಪಕ್ಕಕ್ಕೆ ಸರಿಯಿತು. ಲಂಡನ್ನಿನಲ್ಲಿ ಜಾನ್ ಲೋಗಿ ಬೇರ್ಡ್ ಟೆಲಿವಿಷನ್ ಚಿತ್ರವನ್ನು ಮೊದಲ ಬಾರಿಗೆ ಅಟ್ಲಾಂಟಿಕ್ ಸಾಗರದಾಚೆ, ನ್ಯೂಯಾರ್ಕ್ ಹತ್ತಿರದ ಹಳ್ಳಿಯೊಂದಕ್ಕೆ ಕಳುಹಿಸಿದ.

ಮಕ್ಕಳಿಗೆ ಇಷ್ಟವಾಗುವ ಸುದ್ದಿ ಬರ್ಟ್ ಹಿಂಕ್ಲರನದ್ದು. ಈ ಆಸ್ಟ್ರೇಲಿಯದವ ಫೆಬ್ರವರಿ 7ರಂದು ಲಂಡನ್ ಬಳಿಯ ಕ್ರಾಯ್ಡನ್ನಿನಿಂದ ಪುಟ್ಟ ವಿಮಾನವೊಂದರಲ್ಲಿ ಒಬ್ಬನೇ ಹೊರಟು, ಕರಾಚಿ, ಕಲ್ಕತ್ತ, ರಂಗೂನ್ ಮೂಲಕ ಹಾರಿ, 22ರಂದು ಆಸ್ಟ್ರೇಲಿಯದ ಡಾರ್ವಿನ್‌ನಲ್ಲಿ ಇಳಿದ. ಹಡಗಿನಲ್ಲಿ ಹೋದರೆ ತಿಂಗಳಿಗೂ ಮಿಕ್ಕ ದಾರಿ. ರಾಮನ್ ತಮ್ಮ ಕತ್ತಲ ಕೋಣೆಯಲ್ಲಿ ಕೂತಿದ್ದ ದಿನಗಳಲ್ಲೇ ಈತ ಅವರ ಊರಿನ ಮೇಲೆ ಹಾದುಹೋದ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ 11ರಿಂದ 19ರವರೆಗೆ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಯುದ್ಧದ ನಂತರ ದೂರ ಇಟ್ಟಿದ್ದ ಜರ್ಮನಿಯನ್ನು ಮತ್ತೆ ಒಲಿಂಪಿಕ್ಸ್ ಅಂಗಳಕ್ಕೆ ಬಿಟ್ಟುಕೊಂಡದ್ದು ಅಲ್ಲೇ. ಆಲ್ಪ್ಸ್ ಪರ್ವತದಿಂದ ಬೀಸಿದ ಬಿಸಿಗಾಳಿಗೆ ಹಿಮ ಕರಗಿ, 10,000 ಮೀಟರ್ ಸ್ಕೇಟಿಂಗ್ ಸ್ಪರ್ಧೆಯನ್ನು ನಡುವೆಯೇ ಕೈಬಿಡಬೇಕಾಯಿತು. ನಾರ್ವೆಯ ಸೋನ್ಯಾ ಹೆನಿ ಚಿನ್ನ ಗೆದ್ದಾಗ ವಯಸ್ಸು ಹದಿನೈದು, ನಿಮ್ಮ ವಿದ್ಯಾರ್ಥಿನಿಯದ್ದೇ ಪ್ರಾಯ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಭೌತವಿಜ್ಞಾನಕ್ಕೂ ಅದು ಅಪರೂಪದ ತಿಂಗಳು. ಫೆಬ್ರವರಿಯ ಮೊದಲ ದಿನವೇ ಪಾಲ್ ಡಿರಾಕ್ ಅವರ ಎಲೆಕ್ಟ್ರಾನ್ ಸಮೀಕರಣ ಲಂಡನ್ನಿನ ರಾಯಲ್ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ನಾಲ್ಕರಂದು ಹಾಲೆಂಡಿನ ಹಾರ್ಲೆಮ್‌ನಲ್ಲಿ ಹೆಂಡ್ರಿಕ್ ಲೊರೆಂಟ್ಸ್ ತೀರಿಕೊಂಡರು. ಅವರ ಅಂತ್ಯಕ್ರಿಯೆಯ ದಿನ ದೇಶದ ತಂತಿ, ಟೆಲಿಫೋನ್ ಸೇವೆಯನ್ನು ಮೂರು ನಿಮಿಷ ನಿಲ್ಲಿಸಿ ಗೌರವ ಸಲ್ಲಿಸಿದರು. ಒಬ್ಬ ಭೌತವಿಜ್ಞಾನಿಗಾಗಿ ಒಂದು ದೇಶ ಮೂರು ನಿಮಿಷ ಮೌನವಾಯಿತು ಎಂಬ ವಿಷಯ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕಲ್ಕತ್ತದ 210, ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಪ್ರಗತಿ ಸಂಘದ ಪ್ರಯೋಗಾಲಯ. ರಾಮನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು, ಸಂಶೋಧನೆ ಇಲ್ಲಿ. ಇಲ್ಲಿ ಒಂದು ತಿದ್ದುಪಡಿ ಹೇಳಲೇಬೇಕು. "28ರಂದು ಕಂಡುಹಿಡಿದರು" ಎನ್ನುವುದು ಅರ್ಧ ಸತ್ಯ. ದ್ರವದ ಮೂಲಕ ಹಾದ ಬೆಳಕು ಚದುರುವಾಗ ಏನೋ ವಿಚಿತ್ರ ನಡೆಯುತ್ತಿದೆ ಎಂಬುದು 1923ರಲ್ಲೇ ಅವರ ಶಿಷ್ಯ ಕೆ.ಆರ್. ರಾಮನಾಥನ್ ಅವರ ಕಣ್ಣಿಗೆ ಬಿದ್ದಿತ್ತು. ಬಿಡುವಿನ ವೇಳೆಯಲ್ಲಿ ಬಂದು ಪ್ರಯೋಗ ಮಾಡುತ್ತಿದ್ದ ವೆಂಕಟೇಶ್ವರನ್, ಗ್ಲಿಸರಿನ್ನಿನಲ್ಲಿ ಚದುರಿದ ಬೆಳಕು ನೀಲಿಯ ಬದಲು ಹಸಿರಾಗಿ ಕಾಣುವುದನ್ನು ಗುರುತಿಸಿದ್ದರು. ಫೆಬ್ರವರಿಯಲ್ಲಿ ರಾಮನ್ ಅವರು ಕೆ.ಎಸ್. ಕೃಷ್ಣನ್ ಅವರನ್ನು ಜೊತೆಗಿಟ್ಟುಕೊಂಡು ಒಂದರ ಹಿಂದೊಂದು ದ್ರವ ಪರೀಕ್ಷಿಸತೊಡಗಿದರು. ಕೃಷ್ಣನ್ ದಿನಚರಿ ಬರೆಯುತ್ತಿದ್ದರು, ಅದು ನಮ್ಮ ಪುಣ್ಯ. ಏಳನೆಯ ತಾರೀಕು ರಾತ್ರಿ ಒಂಬತ್ತರ ಹೊತ್ತಿಗೆ ರಾಮನ್ ಕೃಷ್ಣನ್ ಅವರ ಮನೆಗೇ ಬಂದು ಕೂಗಿ ಕರೆದು, ಬೆಳಗ್ಗೆ ಕಂಡದ್ದರ ಅರ್ಥ ಹೊಳೆಯಿತೆಂದು ಉದ್ವೇಗದಿಂದ ಹೇಳಿದರಂತೆ. ಅದೇ ದಿನ ಹಿಂಕ್ಲರ್ ಕ್ರಾಯ್ಡನ್ನಿನಿಂದ ಹಾರಿದ್ದ, ಅದರ ಹಿಂದಿನ ದಿನ ಸ್ಟಾಲಿನ್ ಮಾಸ್ಕೋಗೆ ಮರಳಿದ್ದ.

ಪ್ರಯೋಗವನ್ನು ಮಕ್ಕಳಿಗೆ ಹೀಗೆ ತೋರಿಸಿ. ಸೂರ್ಯನ ಬೆಳಕನ್ನು ದೂರದರ್ಶಕದ ಮಸೂರದಿಂದ ಒಂದೆಡೆ ಕೂಡಿಸಿ, ನೇರಳೆ ಬಣ್ಣದ ಗಾಜಿನಿಂದ ಸೋಸಿ, ಧೂಳಿನ ಕಣವೂ ಇಲ್ಲದಂತೆ ಶುದ್ಧ ಮಾಡಿದ ದ್ರವದೊಳಗೆ ಹಾಯಿಸುತ್ತಾರೆ. ದ್ರವದಲ್ಲಿ ಬೆಳಕಿನ ಜಾಡು ಕಾಣುತ್ತದೆ. ಈಗ ಕಣ್ಣಿನ ಮುಂದೆ ನೇರಳೆಯನ್ನು ಪೂರ್ತಿ ತಡೆಯುವ ಇನ್ನೊಂದು ಗಾಜು ಹಿಡಿದರೆ ಜಾಡು ಮಾಯವಾಗಬೇಕು. ಆಗಲಿಲ್ಲ, ಮಸುಕಾಗಿ ಉಳಿಯಿತು. ಅಂದರೆ ಒಳಗೆ ಹೋಗಿರದ ಬಣ್ಣ ಹೊರಗೆ ಬರುತ್ತಿದೆ. ಬೆಳಕು ಅಣುವಿಗೆ ತನ್ನ ಶಕ್ತಿಯ ಸ್ವಲ್ಪ ಪಾಲು ಕೊಟ್ಟು ಬಣ್ಣ ಬದಲಿಸಿಕೊಂಡಿದೆ. ಅರವತ್ತರಷ್ಟು ದ್ರವಗಳಲ್ಲಿ ಇದು ಕಂಡಿತು. ನೇಚರ್ ಎಂಬ ವಿಜ್ಞಾನ ಪತ್ರಿಕೆಗೆ ರಾಮನ್ ಮತ್ತು ಕೃಷ್ಣನ್ ಬರೆದ ಮೊದಲ ಪತ್ರದ ತಾರೀಕು ಫೆಬ್ರವರಿ 16. ಹಾಗಾದರೆ 28ರಂದು ಆದದ್ದೇನು? ಆ ಮಂಗಳವಾರ ಮಧ್ಯಾಹ್ನ ನೇರಳೆ ಗಾಜಿಗೆ ಯುರೇನಿಯಂ ಗಾಜನ್ನೂ ಸೇರಿಸಿ ಒಳಹೋಗುವ ಬೆಳಕನ್ನು ಇನ್ನಷ್ಟು ಕಿರಿದು ಮಾಡಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡಿದರು. ಹಳೆಯ ಬಣ್ಣ ಒಂದು ಕಡೆ, ಹೊಸ ಬಣ್ಣ ಇನ್ನೊಂದು ಕಡೆ, ನಡುವೆ ಸ್ಪಷ್ಟವಾದ ಕತ್ತಲ ಪಟ್ಟಿ. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಮರುದಿನ, ಫೆಬ್ರವರಿ 29ರಂದು, ಸುದ್ದಿ ದಿನಪತ್ರಿಕೆಗಳಿಗೆ ಹೋಯಿತು.

ಆ ಅವಸರ ಅನಗತ್ಯವಾಗಿರಲಿಲ್ಲ. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳು ಅದೇ ಫೆಬ್ರವರಿಯಲ್ಲಿ ಇದೇ ವಿದ್ಯಮಾನವನ್ನು ಸ್ಫಟಿಕದಲ್ಲಿ ಕಂಡಿದ್ದರು, ಪ್ರಕಟಿಸಲು ತಡ ಮಾಡಿದರು. ಸೈಬೀರಿಯದ ಧಾನ್ಯದ ಆಜ್ಞೆಗಳು ಹೊರಟ ನಗರದಲ್ಲೇ ಇಂಥ ಕೆಲಸವೂ ನಡೆಯುತ್ತಿತ್ತು. ಆ ಇಬ್ಬರ ಹೆಸರನ್ನೂ ಮಕ್ಕಳಿಗೆ ಹೇಳಿ. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು, ಅದು ಅವರಿಗೆ ಸಲ್ಲಬೇಕಾದದ್ದೇ. ಅದರಿಂದ ಉಳಿದವರ ಕೆಲಸ ಚಿಕ್ಕದಾಗುವುದಿಲ್ಲ, ಕೃಷ್ಣನ್ ಅವರದ್ದಂತೂ ಖಂಡಿತ ಅಲ್ಲ.

ಬೆಂಗಳೂರಿನ ಸಂಬಂಧ ಕೇಳಿದ್ದೀರಿ. ರಾಮನ್ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಆದರೆ ಅದಕ್ಕೂ ಮೊದಲೇ, ಆ ಕತ್ತಲ ಪಟ್ಟಿ ಕಂಡ ಹದಿನೇಳನೆಯ ದಿನ, ಮಾರ್ಚ್ 16ರಂದು, ಅವರು ಬೆಂಗಳೂರಿನಲ್ಲಿದ್ದರು. ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ 'ಒಂದು ಹೊಸ ವಿಕಿರಣ' ಎಂಬ ವಿಷಯದ ಮೇಲೆ ಉಪನ್ಯಾಸ ಮಾಡಿ, ಇಡೀ ಸಂಶೋಧನೆಯನ್ನು ವಿವರವಾಗಿ ಮುಂದಿಟ್ಟದ್ದು ಅಲ್ಲಿ. ನೇಚರ್‌ನಲ್ಲಿ ಆ ಮೊದಲ ಪತ್ರ ಅಚ್ಚಾಗಿ ಬಂದದ್ದು ಮಾರ್ಚ್ 31ಕ್ಕೆ. ಅಂದರೆ ಫೆಬ್ರವರಿ 16ರ ಆ ಪತ್ರವನ್ನು ಲಂಡನ್ನಿನ ಓದುಗರು ಕಾಣುವ ಎರಡು ವಾರ ಮೊದಲೇ ಬೆಂಗಳೂರಿನ ಒಂದು ಸಭಾಂಗಣದಲ್ಲಿ ಕುಳಿತಿದ್ದವರು ಆ ಹೊಸ ಬೆಳಕಿನ ಕತೆಯನ್ನು ರಾಮನ್ ಅವರ ಬಾಯಿಂದಲೇ ಕೇಳಿದ್ದರು.